ಯುರೋಪಿನ ಟೂಲ್ಸ್: ಹೆಸರು ನೋಡುವ ಮೊದಲು ತುದಿ ನೋಡಿ

ಮೇಂಟೆನೆನ್ಸ್‌ನವರು ನಾಲ್ಕು ಜನ ಒಂದು ಕಡೆ ಕೂತರೆ ಜರ್ಮನಿಯ ಟೂಲ್ ಕಂಪನಿಗಳಲ್ಲಿ ಹಾಜೆಟ್ ಮೇಲೋ ಸ್ಟಾಲ್‌ವಿಲ್ಲೆ ಮೇಲೋ, ವೆರಾ ಮೇಲೋ ವಿಹಾ ಮೇಲೋ ಅನ್ನುವ ಚರ್ಚೆ ಶುರುವಾಗುತ್ತದೆ. ಹಾಗೆ ಹೆಸರಿಗೆ ಹೆಸರು ತೂಗಿದರೆ ಉತ್ತರ ಸಿಗುವುದಿಲ್ಲ. ಒಂದೊಂದು ಕಂಪನಿಗೂ ಕೈಹಿಡಿದ ಕೆಲಸ ಒಂದೆರಡು ಇರುತ್ತವೆ. ಮಿಕ್ಕಿದ್ದು ಕ್ಯಾಟಲಾಗ್ ತುಂಬಿಸುವುದಕ್ಕೆ. ಯುರೋಪಿನ ಪ್ಯಾಕಿಂಗ್ ಮಷಿನ್, ಸಿಎನ್‌ಸಿ ಮಷಿನ್‌ಗಳ ನಡುವೆ ಕೆಲಸ ಮಾಡುವ ಫಿಟ್ಟರ್‌ಗಳಿಗೆ ನಾನು ಹೇಳುವುದು ಇಷ್ಟೇ: ಉಪಕರಣವು ಬೋಲ್ಟನ್ನು ಮುಟ್ಟುವ ಜಾಗ ಯಾವುದು, ಅಲ್ಲಿ ಅದು ಹೇಗೆ ಕೂರುತ್ತದೆ ಅನ್ನುವುದನ್ನು ಮೊದಲು ನೋಡಿ. ಹಿಡಿ, ಬಣ್ಣ, ಕ್ರೋಮ್ ಹೊಳಪು ಎಲ್ಲ ಆಮೇಲೆ.

ಲೆಕ್ಕವನ್ನು ಬೋಲ್ಟಿನಿಂದಲೇ ಶುರುಮಾಡೋಣ. ಎಂ8, ಅಂದರೆ 8 ಮಿ.ಮೀ. ದಪ್ಪದ ಥ್ರೆಡ್ ಇರುವ ಬೋಲ್ಟಿನ ತಲೆ, ಎದುರುಬದುರು ಮೈಗಳ ನಡುವೆ ಅಳೆದರೆ, 13 ಮಿ.ಮೀ. ಅನ್ನುತ್ತೇವೆ. ಆದರೆ ಐಎಸ್‌ಒ ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಅದು 12.73 ರಿಂದ 13.00 ರ ಒಳಗೆ ಎಲ್ಲಿ ಬೇಕಾದರೂ ಇರಬಹುದು. ಎಂ10 ಆದರೆ 15.73 ರಿಂದ 16.00. ಸ್ಪ್ಯಾನರ್ ಮಾತ್ರ ಯಾವಾಗಲೂ 13 ಕ್ಕಿಂತ ಸ್ವಲ್ಪ ದೊಡ್ಡದೇ ಆಗಿರಬೇಕು, ಇಲ್ಲದಿದ್ದರೆ ತಲೆಯ ಮೇಲೆ ಕೂರುವುದೇ ಇಲ್ಲ. ಬೋಲ್ಟ್ ಚಿಕ್ಕದರ ಕಡೆ, ಸ್ಪ್ಯಾನರ್ ದೊಡ್ಡದರ ಕಡೆ ಇದ್ದಾಗ ನಡುವೆ ಸಂದು ಬೀಳುತ್ತದೆ. ಆಗ ಬಲವೆಲ್ಲ ಆರು ಮೂಲೆಗಳ ತುದಿಗೆ ಹೋಗಿ ತಲೆ ರೌಂಡ್ ಆಗುತ್ತದೆ. 8.8 ಗ್ರೇಡಿನ (ಬೋಲ್ಟಿನ ಉಕ್ಕಿನ ಬಲದ ದರ್ಜೆ) ಎಂ8 ಬೋಲ್ಟಿಗೆ ಬಿಗಿತ ಸುಮಾರು 25 ನ್ಯೂಟನ್ ಮೀಟರ್. ತುಕ್ಕು ಹಿಡಿದಿದ್ದರೆ ಅಥವಾ ಬೋಲ್ಟ್ ಸಡಿಲವಾಗದಂತೆ ಥ್ರೆಡ್‌ಗೆ ಹಚ್ಚುವ ಅಂಟು, ಥ್ರೆಡ್‌ಲಾಕರ್ ಹಾಕಿದ್ದರೆ ಬಿಚ್ಚಲು ಅದಕ್ಕಿಂತ ಹೆಚ್ಚು ಬೇಕು. ತಲೆ ಹಾಳಾಗುವುದು ಆಗಲೇ.

ಒಳ್ಳೆಯ ಕಂಪನಿಗಳು ಇದಕ್ಕೆ ಕಂಡುಕೊಂಡ ದಾರಿ ಒಂದೇ. ಸ್ಪ್ಯಾನರ್‌ನ ಉಂಗುರದಂಥ ಮುಚ್ಚಿದ ತುದಿಯ, ಅಂದರೆ ರಿಂಗಿನ, ಒಳಮೈಯನ್ನು ಕೊಂಚ ದುಂಡಾಗಿಸಿ, ಒತ್ತಡ ಮೂಲೆಯ ಬದಲು ಪಕ್ಕದ ಸಮತಟ್ಟಿನ ಮೇಲೆ ಬೀಳುವಂತೆ ಮಾಡುವುದು. ಸ್ಟಾಲ್‌ವಿಲ್ಲೆ ಇದನ್ನು ಎಎಸ್-ಡ್ರೈವ್ ಎಂದರೆ, ಗೆಡೋರ್ ಯುಡಿ ಪ್ರೊಫೈಲ್ ಎನ್ನುತ್ತದೆ, ಫ್ರಾನ್ಸಿನ ಫಾಕಾಮ್ ಒಜಿವಿ ಎನ್ನುತ್ತದೆ. ಹೆಸರು ಬೇರೆ, ಉಪಾಯ ಅದೇ. ಆದ್ದರಿಂದ ಈ ಮೂರರ ರಿಂಗ್ ಕಡೆಯನ್ನು ಹೋಲಿಸಿ ಜಗಳವಾಡುವುದರಲ್ಲಿ ಅರ್ಥವಿಲ್ಲ. ವ್ಯತ್ಯಾಸ ಕಾಣುವುದು ರಿಂಗಿನ ಗೋಡೆಯ ದಪ್ಪದಲ್ಲಿ. ಸ್ಟಾಲ್‌ವಿಲ್ಲೆಯ ರಿಂಗ್ ತೆಳು, ಹಿಡಿಯ ಅಡ್ಡಕೊಯ್ತ ಇಂಗ್ಲಿಷಿನ 'ಐ' ಅಕ್ಷರದ ಹಾಗೆ. ಬೋಲ್ಟಿನ ಪಕ್ಕದಲ್ಲೇ ಎರಕದ ಗೋಡೆಯೋ ಬೇರಿಂಗ್ ಹೌಸಿಂಗೋ ಇದ್ದರೆ ಈ ತೆಳು ರಿಂಗ್ ಒಳಗೆ ಹೋಗುತ್ತದೆ, ದಪ್ಪನೆಯದು ಹೋಗುವುದಿಲ್ಲ. ಜಾಗ ಧಾರಾಳವಾಗಿದ್ದರೆ ಇದಕ್ಕೆ ಹೆಚ್ಚು ದುಡ್ಡು ಕೊಡಬೇಕಾಗಿಲ್ಲ.

ಇದಕ್ಕಿಂತ ಮುಖ್ಯವಾದದ್ದು ಅಳತೆ. ಹಳೆಯ ಜರ್ಮನ್ ಮಾನದಂಡ ಡಿಐಎನ್ ಪ್ರಕಾರ ಎಂ10 ಬೋಲ್ಟಿನ ತಲೆ 17, ಈಗಿನ ಐಎಸ್‌ಒ ಪ್ರಕಾರ 16. ಎಂ12 ಕ್ಕೆ ಮೊದಲು 19, ಈಗ 18. ಜಪಾನಿನ ಗಾಡಿಗಳಲ್ಲಿ ಅದೇ ಎಂ10 ಕ್ಕೆ 14, ಎಂ8 ಕ್ಕೆ 12. ಒಂದೇ ಮಷಿನ್ನಿನಲ್ಲಿ ಹಳೆಯ ಬೋಲ್ಟೂ ಹೊಸ ಬೋಲ್ಟೂ ಬೆರೆತಿರುತ್ತವೆ. ಒಂದು ತುದಿ ರಿಂಗ್, ಇನ್ನೊಂದು ತುದಿ ಓಪನ್ ಇರುವ ಕೆಲವು ಕಾಂಬಿನೇಷನ್ ಸೆಟ್‌ಗಳಲ್ಲಿ 16, 18 ಇರುವುದೇ ಇಲ್ಲ. ಕೈಗೆ ಸಿಕ್ಕ 17 ನ್ನು 16 ರ ತಲೆಗೆ ಹಾಕಿದರೆ ಎಂಥ ಜರ್ಮನ್ ಸ್ಪ್ಯಾನರ್ ಆದರೂ ಮೂಲೆ ಸವೆಸಿಯೇ ಸವೆಸುತ್ತದೆ. ಸೆಟ್ ಕೊಳ್ಳುವಾಗ ಈ ಎರಡು ಅಳತೆ ಇವೆಯೇ ಎಂದು ಎಣಿಸಿ ನೋಡಿ. ಬಿಗಿ ಬಿಡಿಸಲು ರಿಂಗ್ ಕಡೆ, ಸಡಿಲವಾದ ಮೇಲೆ ತಿರುಗಿಸಲು ಓಪನ್ ಕಡೆ ಎಂಬ ಅಭ್ಯಾಸ ಎಂದೂ ತಪ್ಪಬಾರದು. ಓಪನ್ ಕಡೆಯ ದವಡೆ ಬಲ ಬಿದ್ದಾಗ ಅಗಲವಾಗುತ್ತದೆ, ಅದಕ್ಕೆ ಯಾವ ಬ್ರ್ಯಾಂಡೂ ಹೊರತಲ್ಲ. ವೆರಾದ ಜೋಕರ್ ಸ್ಪ್ಯಾನರ್‌ನ ದವಡೆಯಲ್ಲಿ ಗಟ್ಟಿ ಲೋಹದ ಹಲ್ಲಿನ ಪಟ್ಟಿ ಇದ್ದು, ಕೆಳಗೆ ಜಾರದಂತೆ ತಡೆಯೂ ಇದೆ. 30 ಡಿಗ್ರಿ ತಿರುಗಿದರೆ ಮತ್ತೆ ಹಿಡಿಯುತ್ತದೆ. ಇಕ್ಕಟ್ಟಿನ ಜಾಗಕ್ಕೆ ಒಳ್ಳೆಯದು, ಆದರೆ ಹಲ್ಲು ಬೋಲ್ಟಿನ ಮೇಲೆ ಗುರುತು ಬಿಡುತ್ತದೆ.

ಯುರೋಪಿನ ಮಷಿನ್‌ಗಳಲ್ಲಿ ಅತಿ ಹೆಚ್ಚು ತೊಂದರೆ ಕೊಡುವುದು ತಲೆಯಲ್ಲಿ ಆರು ಮೂಲೆಯ ಕುಳಿ ಇರುವ ಅಲೆನ್ ಬೋಲ್ಟ್. ಅದರಲ್ಲೂ ಕವರ್, ಗಾರ್ಡ್‌ಗಳಿಗೆ ಹಾಕಿರುವ ಕೌಂಟರ್‌ಸಂಕ್ (ತಲೆ ಮೈಯೊಳಗೆ ಸಮನಾಗಿ ಕೂರುವಂಥದ್ದು) ಮತ್ತು ಬಟನ್ ಹೆಡ್ (ಗುಮ್ಮಟದಂಥ ತಗ್ಗು ತಲೆ). ಎಂ6 ಸಾಮಾನ್ಯ ಅಲೆನ್ ಬೋಲ್ಟಿಗೆ 5 ಮಿ.ಮೀ. ಕೀ. ಅದೇ ಎಂ6 ಕೌಂಟರ್‌ಸಂಕ್ ಆದರೆ 4. ಎಂ8 ಕ್ಕೆ 6 ಇದ್ದದ್ದು 5 ಆಗುತ್ತದೆ. ಥ್ರೆಡ್ ದಪ್ಪ ಅಷ್ಟೇ, ಹಿಡಿಯುವ ಕುಳಿ ಚಿಕ್ಕದು, ಆಳವೂ ಕಡಿಮೆ. ಒಮ್ಮೆ ಒಳಗೆ ಸವೆದರೆ ಡ್ರಿಲ್ ಮಾಡಿ ತೆಗೆಯುವ ಕೆಲಸ, ಜತೆಗೆ ಲೈನ್ ನಿಲ್ಲುತ್ತದೆ. ಆದ್ದರಿಂದ ಒಂದೇ ಒಂದು ಯುರೋಪಿಯನ್ ಟೂಲ್ ಕೊಳ್ಳಲು ಅವಕಾಶವಿದ್ದರೆ ನಾನು ಅಲೆನ್ ಕೀ ಸೆಟ್ಟನ್ನೇ ಆರಿಸುತ್ತೇನೆ.

ಇಲ್ಲಿ ಎರಡು ಬಗೆಯ ಯೋಚನೆಗಳಿವೆ. ಸ್ವಿಟ್ಜರ್ಲೆಂಡಿನ ಎಮೆಂಟಾಲ್ ಕಣಿವೆಯ ವಾಸೆನ್ ಊರಿನ ಪಿಬಿ ಸ್ವಿಸ್ ಟೂಲ್ಸ್ 1878 ರಿಂದ ಇರುವ ಕಂಪನಿ. ಅವರು ಆಕಾರಕ್ಕೆ ಕೈ ಹಾಕುವುದಿಲ್ಲ. ಆರು ಮೂಲೆಯನ್ನು ಅಳತೆಗೆ ಸರಿಯಾಗಿ, ತುದಿಯನ್ನು ಚೊಕ್ಕವಾಗಿ ಮಾಡುತ್ತಾರೆ. ಉಕ್ಕು ಗಟ್ಟಿ, ಜತೆಗೆ ಸ್ವಲ್ಪ ಬಳುಕುತ್ತದೆ. ಮುರಿಯುವ ಮೊದಲು ಬಳುಕು ಕೈಗೆ ತಿಳಿಯುವುದು ದೊಡ್ಡ ಅನುಕೂಲ. ವೆರಾದ ಹೆಕ್ಸ್-ಪ್ಲಸ್ ಇನ್ನೊಂದು ದಾರಿ ಹಿಡಿದಿದೆ. ಕೀಯ ಆಕಾರವನ್ನೇ ಬದಲಿಸಿ, ಒತ್ತಡ ಮೂಲೆಯ ಗೆರೆಯ ಮೇಲೆ ಬೀಳದೆ ಅಗಲವಾದ ಮೈಮೇಲೆ ಹರಡುವಂತೆ ಮಾಡಿದ್ದಾರೆ. ಹೊಸ ಬೋಲ್ಟಿಗೆ ಎರಡೂ ಸಮ. ಆಗಲೇ ಅರ್ಧ ಸವೆದ ಕುಳಿಯಲ್ಲಿ ಹೆಕ್ಸ್-ಪ್ಲಸ್ ಮುಂದು. ಆಳದ ರಂಧ್ರದೊಳಗಿನ ಎಂ5, ಎಂ6 ಗಳಿಗೆ, ದಿನವಿಡೀ ಬಳಸುವುದಕ್ಕೆ ಪಿಬಿ ಮುಂದು.

ಕೀ ಯಾವುದಾದರೂ ಆಗಲಿ, ಬಿಚ್ಚುವ ಕ್ರಮ ಸರಿಯಿಲ್ಲದಿದ್ದರೆ ಉಪಯೋಗವಿಲ್ಲ. ಮೊದಲು ಕುಳಿಯೊಳಗಿನ ಗ್ರೀಸ್, ಪೌಡರ್, ಲೋಹದ ಚೂರನ್ನು ಚೂಪಾದ ಕಡ್ಡಿಯಿಂದ ಕೆರೆದು, ಏರ್ ಹಿಡಿದು ತೆಗೆಯಬೇಕು. ತಳದಲ್ಲಿ 1 ಮಿ.ಮೀ. ಕಸ ಇದ್ದರೂ ಕೌಂಟರ್‌ಸಂಕ್ ಬೋಲ್ಟಿನಲ್ಲಿ ಹಿಡಿತದ ದೊಡ್ಡ ಪಾಲು ಹೋದಂತೆ. ಆಮೇಲೆ ಕೀಯನ್ನು ನೇರ ಇಟ್ಟು ಸಣ್ಣ ಸುತ್ತಿಗೆಯಿಂದ ಎರಡು ಏಟು ಕೊಡಬೇಕು. ಥ್ರೆಡ್‌ನ ಅಂಟೂ ಸ್ವಲ್ಪ ಸಡಿಲವಾಗುತ್ತದೆ. ಮೊದಲ ಬಿಗಿಯನ್ನು ಬಿಡಿಸುವುದು ಯಾವಾಗಲೂ ನೇರ ತುದಿಯಿಂದ. ಗುಂಡಗಿರುವ ಇನ್ನೊಂದು ತುದಿ, ಬಾಲ್ ಎಂಡ್, ಇರುವುದು ಓರೆಯಾಗಿ ಹಿಡಿದು ಬೇಗ ತಿರುಗಿಸಲು ಮಾತ್ರ. ಅದರ ಕತ್ತು ತೆಳು, ಬಲ ಹಾಕಿದರೆ ಗುಂಡು ಮುರಿದು ಕುಳಿಯೊಳಗೇ ಉಳಿಯುತ್ತದೆ. ಥ್ರೆಡ್‌ಲಾಕರ್ ಹಾಕಿದ್ದು ಗೊತ್ತಿದ್ದರೆ ಹೀಟ್ ಗನ್‌ನಿಂದ ಬಿಸಿ ಮಾಡಿ, ಬಿಸಿ ಇರುವಾಗಲೇ ತಿರುಗಿಸಿ. ಕೀಯ ತುದಿ ದುಂಡಾದರೆ ಎಸೆಯಬೇಡಿ. ಗ್ರೈಂಡರ್‌ನಲ್ಲಿ ತುದಿಯನ್ನು 1–2 ಮಿ.ಮೀ. ನೇರ ಅಡ್ಡಕ್ಕೆ ಉಜ್ಜಿ, ಪ್ರತಿ ಸಲವೂ ನೀರಿನಲ್ಲಿ ಅದ್ದುತ್ತಾ ಇರಿ. ತುದಿ ನೀಲಿ ಬಣ್ಣಕ್ಕೆ ತಿರುಗಿದರೆ ಹದ ಹೋಯಿತೆಂದೇ ಲೆಕ್ಕ, ಆ ಭಾಗವನ್ನೂ ಉಜ್ಜಿ ತೆಗೆಯಬೇಕು.

ಪ್ಲಯರ್ ವಿಷಯಕ್ಕೆ ಬಂದರೆ ಕ್ನಿಪೆಕ್ಸ್‌ಗೆ ನಾನು ಹಿಂಜರಿಯದೆ ಮೊದಲ ಸ್ಥಾನ ಕೊಡುತ್ತೇನೆ. ವುಪ್ಪರ್‌ಟಾಲ್‌ನ ಕ್ರೋನೆನ್‌ಬರ್ಗ್‌ನಲ್ಲಿ 1882 ರಲ್ಲಿ ಶುರುವಾದ ಇವರು ಮನಸ್ಸನ್ನೆಲ್ಲ ಇಕ್ಕಳದ ಮೇಲೇ ಇಟ್ಟಿದ್ದಾರೆ. ಅವರ ಸಂಖ್ಯೆ ಓದಲು ಕಲಿತರೆ ಆರ್ಡರ್ ತಪ್ಪುವುದಿಲ್ಲ. 87 01 250 ಅಂದರೆ 87 ಕೋಬ್ರಾ ಮಾದರಿ (ಬಾಯಿಯ ಅಗಲ ಹೊಂದಿಸಬಹುದಾದ ಪೈಪ್ ಹಿಡಿಯುವ ಇಕ್ಕಳ), 01 ಪ್ಲಾಸ್ಟಿಕ್ ಹೊದಿಕೆಯ ಹಿಡಿ, 250 ಮಿ.ಮೀ. ಉದ್ದ. ನಡುವಿನ ಅಂಕಿ 03 ಆದರೆ ಕ್ರೋಮ್, 06 ಆದರೆ 1000 ವೋಲ್ಟ್ ಇನ್ಸುಲೇಷನ್. ಈ 250 ರ ಕೋಬ್ರಾ 2 ಇಂಚಿನ ಪೈಪ್ ಹಿಡಿಯುತ್ತದೆ. ಹಲ್ಲುಗಳ ಗಟ್ಟಿತನ ಸುಮಾರು 61 ಎಚ್‌ಆರ್‌ಸಿ (ಉಕ್ಕಿನ ಗಟ್ಟಿತನದ ಅಳತೆ). ಹಲ್ಲು ತಿರುಗುವ ದಿಕ್ಕಿಗೆ ಎದುರಾಗಿ ಇರುವಂತೆ ಹಾಕಿದರೆ ಎಳೆದಷ್ಟೂ ಬಿಗಿ ಹಿಡಿಯುತ್ತದೆ. ತಿರುವಿ ಹಾಕಿದರೆ ಜಾರುತ್ತದೆ. ಕೋಬ್ರಾ ಜಾರುತ್ತದೆ ಎಂಬ ದೂರು ಬಂದಾಗ ಮೊದಲು ನೋಡಬೇಕಾದದ್ದು ಇದನ್ನೇ.

ಆದರೆ ಕೋಬ್ರಾವನ್ನು ನಟ್ಟಿಗೆ ಹಾಕಬಾರದು, ಮೈ ಕಚ್ಚಿಹೋಗುತ್ತದೆ. ನಟ್ಟಿಗೆ ಬೇಕಾದದ್ದು ಅವರದೇ 86 ಸರಣಿಯ ಪ್ಲಯರ್ ರೆಂಚ್. ಹಲ್ಲಿಲ್ಲದ ನುಣುಪು ದವಡೆಗಳು ಒಂದಕ್ಕೊಂದು ಸಮಾನಾಂತರವಾಗಿ ಮುಚ್ಚುತ್ತವೆ, ಕೈಬಲ ಹತ್ತು ಪಟ್ಟಾಗಿ ದವಡೆಗೆ ಹೋಗುತ್ತದೆ. 12.73 ಇರಲಿ 13.00 ಇರಲಿ, ಸಂದು ಉಳಿಯುವುದೇ ಇಲ್ಲ. ನ್ಯೂಮ್ಯಾಟಿಕ್ ಫಿಟ್ಟಿಂಗ್, ಹಿತ್ತಾಳೆ ನಟ್, ಸ್ಟೇನ್‌ಲೆಸ್ ಯೂನಿಯನ್‌ಗಳ ಮೇಲೆ ಗೀರು ಬೀಳುವುದಿಲ್ಲ. ಹಿಡಿ ಸಡಿಲಿಸಿ ಹಿಂದಕ್ಕೆ ತಂದು ಮತ್ತೆ ಒತ್ತಿದರೆ ರ‍್ಯಾಚೆಟ್‌ನಂತೆ ಕೆಲಸ ಮಾಡುತ್ತದೆ. ಮಿತಿಯೂ ಇದೆ: ತಲೆ ಅಗಲ, ಆದ್ದರಿಂದ ಕುಳಿಯೊಳಗಿನ ಬೋಲ್ಟಿಗೆ ಹೋಗುವುದಿಲ್ಲ. ಹಿಡಿಗೆ ಪೈಪ್ ತೂರಿಸಿ ಎಳೆಯಲೇಬಾರದು.

ಇದರ ಎದುರು ನಿಲ್ಲುವುದು ಸ್ವೀಡನ್ನಿನ ಬಾಕೋ ಸ್ಕ್ರೂ ಸ್ಪ್ಯಾನರ್. ಎನ್‌ಶೆಪಿಂಗ್ ಊರಿನ ಯೋಹಾನ್ ಪೆಟರ್ ಯೋಹಾನ್ಸನ್ 1892 ರಲ್ಲಿ ಪೇಟೆಂಟ್ ಪಡೆದ ವಿನ್ಯಾಸವೇ ಇಂದಿಗೂ ಅದರ ಬುನಾದಿ. ಬಾಕೋದ 8071, 9031 ಎರಡೂ 8 ಇಂಚಿನ ವರ್ಗದವು. ಮೊದಲನೆಯದು 27 ಮಿ.ಮೀ. ತೆರೆದರೆ ಎರಡನೆಯದು 38 ತೆರೆಯುತ್ತದೆ. ಗ್ಲಾಂಡ್ ನಟ್, ಲಾಕ್ ನಟ್ ಇರುವ ಕಡೆ ಈ ಅಗಲ ಬಾಯಿ ಬಹಳ ಉಪಯೋಗ. ಎಳೆಯುವಾಗ ಭಾರ ಚಲಿಸದ ದವಡೆಯ ಮೇಲೆ ಬೀಳಬೇಕು. ಚಲಿಸುವ ದವಡೆ ಸಣ್ಣ ಸ್ಕ್ರೂ ಹಲ್ಲಿನ ಮೇಲೆ ನಿಂತಿರುತ್ತದೆ, ಭಾರವನ್ನು ಅದಕ್ಕೆ ಬಿಟ್ಟರೆ ಆಟ ಬೀಳುತ್ತದೆ. ನಮ್ಮ ತಪಾರಿಯಾ ಕೂಡ 1969 ರಲ್ಲಿ ಸ್ವೀಡನ್ನಿನ ಕಂಪನಿಯೊಂದರ ತಾಂತ್ರಿಕ ನೆರವಿನಿಂದಲೇ ಶುರುವಾದದ್ದು. ಸ್ಕ್ರೂ ಸ್ಪ್ಯಾನರ್, ಕಟಿಂಗ್ ಪ್ಲಯರ್‌ಗಳಲ್ಲಿ ಅದು ಕೊಟ್ಟ ಬೆಲೆಗೆ ನ್ಯಾಯ ಮಾಡುತ್ತದೆ.

ಕಟ್ಟರ್ ಬಗ್ಗೆ ಒಂದೇ ಎಚ್ಚರಿಕೆ. ಸ್ಪ್ರಿಂಗ್ ತಂತಿಯನ್ನು ಸಾಮಾನ್ಯ ಸೈಡ್ ಕಟ್ಟರ್‌ನಲ್ಲಿ ಕತ್ತರಿಸಿದರೆ ಅಲಗಿನಲ್ಲಿ ಕಚ್ಚು ಬೀಳುತ್ತದೆ. ಪಿಯಾನೋ ವೈರ್‌ಗೆ ಎಂದು ಕ್ಯಾಟಲಾಗ್‌ನಲ್ಲಿ ಸ್ಪಷ್ಟವಾಗಿ ಬರೆದಿರುವ 74 ಸರಣಿಯಂಥದ್ದೇ ಬೇಕು. ತಂತಿಯನ್ನು ಕೀಲಿನ ಹತ್ತಿರ ಇಟ್ಟು ಕತ್ತರಿಸಿ, ತುದಿಯಲ್ಲಿಟ್ಟು ತಿರುಚಬೇಡಿ.

ಎಲೆಕ್ಟ್ರಿಕಲ್ ಪ್ಯಾನೆಲ್‌ನಲ್ಲಿ ತಪ್ಪು ಆಗುವುದು ಸ್ಕ್ರೂಡ್ರೈವರ್ ತುದಿಯಲ್ಲಿ. ಯುರೋಪಿನ ಎಂಸಿಬಿ (ಹೆಚ್ಚು ಕರೆಂಟ್ ಹರಿದರೆ ತಾನೇ ಆಫ್ ಆಗುವ ಸ್ವಿಚ್), ಕಾಂಟ್ಯಾಕ್ಟರ್‌ಗಳ (ಮೋಟಾರಿನಂಥವುಗಳನ್ನು ಆನ್ ಆಫ್ ಮಾಡುವ ವಿದ್ಯುತ್ ಸ್ವಿಚ್) ಟರ್ಮಿನಲ್ ಸ್ಕ್ರೂ ನೋಡಲು ಸ್ಟಾರ್‌ನಂತಿದ್ದರೂ ಬಹುಪಾಲು ಅದು ಪೋಜಿಡ್ರೈವ್ (ಫಿಲಿಪ್ಸ್‌ನಂತೆ ಕಂಡರೂ ಬೇರೆ ಆಕಾರದ ಸ್ಟಾರ್) ಮತ್ತು ಸ್ಲಾಟ್ ಎರಡೂ ಸೇರಿದ ತಲೆ. ಅದಕ್ಕೆ ಫಿಲಿಪ್ಸ್ ಪಿಎಚ್2 ಹಾಕಿದರೆ ತುದಿ ಮೇಲಕ್ಕೆ ಎದ್ದು ಬರುತ್ತದೆ. ಬಿಗಿಯಾದಂತೆ ಅನ್ನಿಸುತ್ತದೆ, ಆಗಿರುವುದಿಲ್ಲ. ಸಡಿಲ ಟರ್ಮಿನಲ್ ಬಿಸಿಯಾಗಿ ತಂತಿಯ ಹೊದಿಕೆ ಕರಗುವುದು, ಕೊನೆಗೆ ಎಂಸಿಬಿ ಸುಡುವುದು ಹೀಗೆ. ಇದಕ್ಕೆಂದೇ ಪಿಜೆಡ್-ಎಸ್‌ಎಲ್ 2 ಎಂಬ ತುದಿಯನ್ನು ವೆರಾ, ವಿಹಾ ಎರಡೂ ಮಾಡುತ್ತವೆ. ವಿಹಾದ ಸ್ಲಿಮ್‌ಫಿಕ್ಸ್‌ನಲ್ಲಿ ಇನ್ಸುಲೇಷನ್ ದಂಡದ ಒಳಕ್ಕೇ ಸೇರಿಕೊಂಡಿರುವುದರಿಂದ ಆಳದ ಟರ್ಮಿನಲ್‌ಗೂ ಇಳಿಯುತ್ತದೆ, ದಪ್ಪ ಹೊದಿಕೆಯದು ಬಾಯಲ್ಲೇ ನಿಲ್ಲುತ್ತದೆ. ಬಿಗಿತದ ಅಂಕಿ ಎಂಸಿಬಿ ಪಕ್ಕದಲ್ಲೇ ಅಚ್ಚಾಗಿರುತ್ತದೆ, ಅದನ್ನು ಓದಿ. ಇನ್ಸುಲೇಟೆಡ್ ಟೂಲ್‌ಗಳ ಮಾನದಂಡ ಐಇಸಿ 60900. ಒಂದೊಂದನ್ನೂ 10,000 ವೋಲ್ಟ್‌ನಲ್ಲಿ ಪರೀಕ್ಷಿಸಿ, 1000 ವೋಲ್ಟ್ ಎಸಿವರೆಗಿನ ಕೆಲಸಕ್ಕೆ ಬಿಡುತ್ತಾರೆ. ಹೊರಗಿನ ಕೆಂಪು ಪದರ ಕೊಯ್ದು ಒಳಗಿನ ಬೇರೆ ಬಣ್ಣ ಕಂಡರೆ ಅದನ್ನು ಅಂದೇ ಪ್ಯಾನೆಲ್ ಕೆಲಸದಿಂದ ತೆಗೆಯಿರಿ. ಟೇಪ್ ಸುತ್ತಿ ಮುಂದುವರಿಸುವುದು ಪ್ರಾಣದ ಜತೆ ಆಟ.

ಬೇಕಾದಷ್ಟೇ ಬಿಗಿಯಲು ಅಂಕಿ ಹೊಂದಿಸಿ ಬಳಸುವ ಟಾರ್ಕ್ ರೆಂಚ್‌ನಲ್ಲಿ ಸ್ಟಾಲ್‌ವಿಲ್ಲೆಯ ಮಾನೋಸ್ಕೋಪ್ 730 ಬೇರೆಯದೇ ರಚನೆ. ಸುರುಳಿ ಸ್ಪ್ರಿಂಗ್ ಬದಲು ಬಾಗುವ ದಂಡ ಇರುವುದರಿಂದ ಕೆಲಸ ಮುಗಿದ ಮೇಲೆ ಕೆಳಗಿನ ಅಂಕಿಗೆ ತಂದಿಡಬೇಕಾಗಿಲ್ಲ. ಸಾಮಾನ್ಯ ಕ್ಲಿಕ್ ರೆಂಚ್‌ಗೆ ಅದು ಕಡ್ಡಾಯ. ಮೂರು ಪಾಳಿಯಲ್ಲಿ ಕೈ ಬದಲಾಗುವ ಕಡೆ ಈ ಒಂದು ಗುಣಕ್ಕೇ ಹೆಚ್ಚಿನ ಬೆಲೆ ಕೊಡಬಹುದು. 9×12 ಮತ್ತು 14×18 ರ ಇನ್ಸರ್ಟ್ ತಲೆಗಳು, ಅಂದರೆ ರೆಂಚ್‌ನ ತುದಿಗೆ ಸಿಕ್ಕಿಸಿ ಬದಲಿಸುವ ತಲೆಗಳು, ಹಲವು ಕಂಪನಿಗಳಿಗೆ ಸಮಾನ, ಒಬ್ಬರ ರೆಂಚ್‌ಗೆ ಇನ್ನೊಬ್ಬರ ತಲೆ ಕೂರುತ್ತದೆ. ತಲೆಯಿಂದ ಉದ್ದ ಹೆಚ್ಚಾದರೆ ಮಾತ್ರ ಅಂಕಿ ಬದಲಿಸಬೇಕು: ರೆಂಚ್ 400 ಮಿ.ಮೀ., ಹೆಚ್ಚಿದ್ದು 50, ಬೋಲ್ಟಿಗೆ ಬೇಕಾದದ್ದು 90 ನ್ಯೂಟನ್ ಮೀಟರ್ ಆದರೆ 90 × 400 ÷ 450, ಅಂದರೆ 80 ಕ್ಕೆ ಇಡಬೇಕು. 12 ತಿಂಗಳು ಅಥವಾ 5000 ಸಲ, ಯಾವುದು ಮೊದಲೋ ಆಗ ಕ್ಯಾಲಿಬ್ರೇಷನ್.

ಎಲ್ಲಿ ತಯಾರಾದದ್ದು ಎಂಬ ಮಾತು. ವುಪ್ಪರ್‌ಟಾಲ್ ಮತ್ತು ರೆಮ್ಶೈಡ್ ಅಕ್ಕಪಕ್ಕದ ಊರುಗಳು. ಸ್ಟಾಲ್‌ವಿಲ್ಲೆ (1862), ಹಾಜೆಟ್ (1868), ಕ್ನಿಪೆಕ್ಸ್, ಗೆಡೋರ್ (1919), ವೆರಾ (1936) ಎಲ್ಲವೂ ಅಲ್ಲಿಯವೇ. ತೊರೆಯ ನೀರಿನಿಂದ ಸುತ್ತಿಗೆ ಹೊಡೆಯುತ್ತಿದ್ದ ಕಮ್ಮಾರಿಕೆಯ ಸೀಮೆ ಅದು. ಆದರೆ ಇಂದು ವೆರಾದ ದೊಡ್ಡ ಕಾರ್ಖಾನೆ ಜೆಕ್ ದೇಶದಲ್ಲಿದೆ. ವಿಹಾಕ್ಕೆ ವಿಯೆಟ್ನಾಂನಲ್ಲೂ ಕಾರ್ಖಾನೆ ಇದೆ. ಬಾಕೋ ಅಮೆರಿಕದ ಸ್ನ್ಯಾಪ್-ಆನ್ ಕೈಯಲ್ಲಿದೆ, ಫಾಕಾಮ್ 2006 ರಲ್ಲಿ ಸ್ಟಾನ್ಲಿಗೆ ಹೋಯಿತು. ಇದರಿಂದ ಗುಣ ಕೆಟ್ಟಿತು ಅನ್ನುವುದು ಸರಿಯಲ್ಲ, ವೆರಾದ ತುದಿಗಳೇ ಅದಕ್ಕೆ ಸಾಕ್ಷಿ. ಗೆಡೋರ್ ರೆಡ್ ಎಂಬುದು ಅದೇ ಕಂಪನಿಯ ಅಗ್ಗದ ಸಾಲು ಎಂಬುದು ಮಾತ್ರ ಇಂಡೆಂಟ್ ಬರೆಯುವವರಿಗೆ ಗೊತ್ತಿರಬೇಕು. 'ಜರ್ಮನಿ' ಎಂಬ ಪದವನ್ನೇ ಹೆಸರಿಗೆ ಅಂಟಿಸಿಕೊಂಡು ಮಾರುವ ಮಾಲೂ ಬೆಂಗಳೂರಿನ ಅಂಗಡಿಗಳಲ್ಲಿ ಸಿಗುತ್ತದೆ. ಪ್ಯಾಕೆಟ್ ಬಿಟ್ಟು ಉಪಕರಣದ ಮೈಮೇಲಿನ ಅಚ್ಚನ್ನು, ಸಂಖ್ಯೆಯನ್ನು ನೋಡಿ, ಕಂಪನಿಯ ಕ್ಯಾಟಲಾಗ್‌ಗೆ ತಾಳೆ ಹಾಕಿ.

ಬಜೆಟ್ ಕಡಿಮೆ ಇದ್ದರೆ ಕೊಳ್ಳುವ ಕ್ರಮ ಹೀಗಿರಲಿ: ಮೊದಲು 1.5 ರಿಂದ 10 ರವರೆಗಿನ ಅಲೆನ್ ಕೀ, ಆಮೇಲೆ ಪಿಜೆಡ್-ಎಸ್‌ಎಲ್ 2 ಸ್ಕ್ರೂಡ್ರೈವರ್, ಆಮೇಲೆ 180 ರ ಪ್ಲಯರ್ ರೆಂಚ್, ನಂತರ 10, 13, 16, 18 ರ ಕಾಂಬಿನೇಷನ್ ಸ್ಪ್ಯಾನರ್ ಬಿಡಿಯಾಗಿ. ರ‍್ಯಾಚೆಟ್ ಕೊಳ್ಳುವಾಗ ಹಲ್ಲಿನ ಲೆಕ್ಕ ಕೇಳಿ: 72 ಹಲ್ಲಿಗೆ 5 ಡಿಗ್ರಿ, 90 ಹಲ್ಲಿಗೆ 4 ಡಿಗ್ರಿ ತಿರುವು ಸಾಕು. ಸುತ್ತಿಗೆ, ಪೈಪ್ ರೆಂಚ್, ಉಳಿ, ಹ್ಯಾಕ್ಸಾ ಫ್ರೇಮ್‌ಗಳನ್ನು ಯುರೋಪಿನಿಂದ ತರಿಸುವ ಅಗತ್ಯ ನನಗೆ ಕಂಡಿಲ್ಲ, ಇಲ್ಲಿಯವೇ ಸಾಕು.