ಹಿಂದಕ್ಕೆ ಹೋದದ್ದು ಕಿಟ್ ಮಾತ್ರ

ರಕ್ತದಲ್ಲಿರುವ ಕ್ರಿಯಾಟಿನಿನ್ ಎಂಬ ತ್ಯಾಜ್ಯವನ್ನು ಅಳೆದು ಮೂತ್ರಪಿಂಡದ ಕಾರ್ಯವನ್ನು ತಿಳಿಸುವ ಪರೀಕ್ಷಾ ಕಿಟ್ಟಿನ ಕೆಲವು ಬ್ಯಾಚ್‌ಗಳು ತಪ್ಪು ಫಲಿತಾಂಶ ನೀಡುತ್ತಿವೆ ಎಂದು ತಯಾರಕರು ಅವುಗಳನ್ನು ಹಿಂದಕ್ಕೆ ಪಡೆದ ಸುದ್ದಿ ಓದಿದ ದಿನವೇ, ಅಪ್ಪನ ವರದಿಗಳ ಫೈಲನ್ನು ಮತ್ತೆ ಬಿಚ್ಚಿ ಕುಳಿತೆ. ಹಿಂದಿನ ಬಾರಿ 1.2 ಇದ್ದ ಕ್ರಿಯಾಟಿನಿನ್ ಈ ಬಾರಿ 1.5 ಆಗಿತ್ತು.

ಈ 0.3ರ ಅಂತರವನ್ನು ಅಲ್ಪವೆಂದು ತಳ್ಳಿಹಾಕುವಂತಿಲ್ಲ. 60 ವರ್ಷದ ಪುರುಷನ ರಕ್ತದಲ್ಲಿ ಕ್ರಿಯಾಟಿನಿನ್ ಪ್ರತಿ ಡೆಸಿಲೀಟರಿಗೆ 1.2 ಮಿಲಿಗ್ರಾಂ ಇದ್ದರೆ, 2021ರ ಸಿಕೆಡಿ-ಎಪಿ ಸೂತ್ರದ ಪ್ರಕಾರ ಇಜಿಎಫ್ಆರ್, ಅಂದರೆ ಮೂತ್ರಪಿಂಡ ರಕ್ತವನ್ನು ಸೋಸುವ ವೇಗದ ಅಂದಾಜು, ಸುಮಾರು 69 ಬರುತ್ತದೆ, 1.5 ಇದ್ದರೆ ಅದು 53ಕ್ಕೆ ಇಳಿಯುತ್ತದೆ. ಮೂರು ತಿಂಗಳಿಗಿಂತ ಹೆಚ್ಚು ಕಾಲ 60ಕ್ಕಿಂತ ಕೆಳಗೇ ಉಳಿದರೆ ಅದನ್ನು ದೀರ್ಘಕಾಲದ ಮೂತ್ರಪಿಂಡ ಕಾಯಿಲೆಯೆಂದು ಪರಿಗಣಿಸುತ್ತಾರೆ. ತಪ್ಪು ಇನ್ನೊಂದು ದಿಕ್ಕಿನಲ್ಲಾಗಿ ಕ್ರಿಯಾಟಿನಿನ್ ಇರುವುದಕ್ಕಿಂತ ಕಡಿಮೆ ತೋರಿಸಿದರೆ ನನಗೆ ಹೆಚ್ಚು ಭಯ: ಇಜಿಎಫ್ಆರ್ 30ಕ್ಕಿಂತ ಕೆಳಗಿರುವವರಿಗೆ ಮಧುಮೇಹದ ಔಷಧಿ ಮೆಟ್‌ಫಾರ್ಮಿನ್ ಕೊಡಬಾರದು, ಹೃದಯಕ್ಕೆ ಕೊಡುವ ಡಿಗಾಕ್ಸಿನ್‌ನಂಥ ಔಷಧಿಯ ಪ್ರಮಾಣವನ್ನು ತಗ್ಗಿಸಬೇಕು, ವರದಿಯೇ ಎಲ್ಲ ಸರಿಯಿದೆ ಎಂದರೆ ಇದನ್ನು ಯಾರೂ ಮಾಡುವುದಿಲ್ಲ.

ಈ ಪರೀಕ್ಷೆಯ ಹಳೆಯ ವಿಧಾನ 1886ರಲ್ಲಿ ಮ್ಯಾಕ್ಸ್ ಯಾಫೆ ಗುರುತಿಸಿದ ರಾಸಾಯನಿಕ ಕ್ರಿಯೆಯನ್ನು ಆಧರಿಸಿದೆ. ಕ್ಷಾರೀಯ ದ್ರಾವಣದಲ್ಲಿ ಪಿಕ್ರಿಕ್ ಆಮ್ಲದೊಡನೆ ಸೇರಿದಾಗ ಕ್ರಿಯಾಟಿನಿನ್ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಆದರೆ ದೇಹ ಕೊಬ್ಬನ್ನು ಕರಗಿಸಿದಾಗ ಹುಟ್ಟುವ ಕೀಟೋನ್‌ಗಳೂ ಕೆಲವು ಸೆಫಲೋಸ್ಪೊರಿನ್ ಆಂಟಿಬಯಾಟಿಕ್ ಔಷಧಿಗಳೂ ಇದೇ ಬಣ್ಣ ತರುವುದರಿಂದ ಅಂಕಿ ಏರುತ್ತದೆ, ಕಾಮಾಲೆಯವರ ರಕ್ತದಲ್ಲಿ ಹೆಚ್ಚಿರುವ ಹಳದಿ ವಸ್ತು ಬಿಲಿರುಬಿನ್ ಅದನ್ನು ಇಳಿಸುತ್ತದೆ. ಕಿಣ್ವ ಬಳಸುವ ಹೊಸ ವಿಧಾನ ಹೆಚ್ಚು ನಿಖರವಾದರೂ ಹೃದಯಕ್ಕೆ ಬಲ ಕೊಡುವ ಡೋಬ್ಯುಟಮಿನ್‌ನಂಥ ಔಷಧಿ ಅದನ್ನೂ ದಾರಿ ತಪ್ಪಿಸಬಲ್ಲದು. ಇವೆಲ್ಲ ತಿಳಿದಿರುವ ಮಿತಿಗಳು; ವೈದ್ಯರು ರೋಗಿಯನ್ನು ನೋಡಿ ಇವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಬ್ಯಾಚೇ ಕೆಟ್ಟಿದ್ದರೆ ಅಂಥ ಯಾವ ಸುಳಿವೂ ಸಿಗದು. ಪ್ರಯೋಗಾಲಯದವರು ದಿನವೂ ಅಂಕಿ ಮೊದಲೇ ಗೊತ್ತಿರುವ ಕಂಟ್ರೋಲ್ ದ್ರಾವಣವನ್ನು ಯಂತ್ರದಲ್ಲಿ ಹಾಯಿಸಿ ತಾಳೆ ನೋಡುತ್ತಾರೆ, ನಿಜ. ಆದರೆ ಕಾರ್ಖಾನೆಯಲ್ಲಿ ಸಿದ್ಧವಾದ ಆ ದ್ರಾವಣ ಎಲ್ಲ ವಿಷಯದಲ್ಲೂ ರೋಗಿಯ ರಕ್ತದಂತೆ ವರ್ತಿಸುವುದಿಲ್ಲವಾದ್ದರಿಂದ, ಕಂಟ್ರೋಲ್ ಸರಿಯಾಗಿ ಬಂದ ದಿನವೂ ರೋಗಿಗಳ ಫಲಿತಾಂಶ ತಪ್ಪಾಗಿರಬಹುದು.

ನಾವು ಹೋಗುವ ಪ್ರಯೋಗಾಲಯಕ್ಕೆ ಫೋನ್ ಮಾಡಿ, ಅಪ್ಪನ ಪರೀಕ್ಷೆಗೆ ಬಳಸಿದ ಬ್ಯಾಚ್ ಯಾವುದೆಂದು ಕೇಳಿದೆ. ಉಳಿದಿದ್ದ ಕಿಟ್‌ಗಳನ್ನೆಲ್ಲ ವಾಪಸ್ ಕಳುಹಿಸಿದ್ದೇವೆ, ಇನ್ನು ಚಿಂತೆ ಬೇಡ ಎಂದರು. ನಾನು ಕೇಳಿದ್ದು ಉಳಿದ ಕಿಟ್ಟಿನ ಬಗ್ಗೆ ಅಲ್ಲ, ಬಳಸಿ ಮುಗಿಸಿದ್ದರ ಬಗ್ಗೆ. ಬ್ಯಾಚ್ ಸಂಖ್ಯೆ ನಮ್ಮ ಕೈಗೆ ಬರುವ ವರದಿಯಲ್ಲಿ ಇರುವುದಿಲ್ಲ. ಅದನ್ನು ದಾಖಲಿಸಿಡಬೇಕೆಂದೂ, ಫಲಿತಾಂಶ ಸಂಶಯಾಸ್ಪದವಾದಾಗ ಅದರಿಂದ ರೋಗಿಯ ಮೇಲಾಗುವ ಪರಿಣಾಮವನ್ನು ಪರಿಶೀಲಿಸಿ, ಅಗತ್ಯವಿದ್ದರೆ ಕೊಟ್ಟ ವರದಿಯನ್ನೂ ಹಿಂಪಡೆಯಬೇಕೆಂದೂ ವೈದ್ಯಕೀಯ ಪ್ರಯೋಗಾಲಯಗಳ ಅಂತಾರಾಷ್ಟ್ರೀಯ ಮಾನದಂಡವಾದ ಐಎಸ್ಒ 15189 ಹೇಳುತ್ತದೆ. ಹಿಂಪಡೆಯುವ ಸೂಚನೆ ತಯಾರಕರಿಂದ ಪ್ರಯೋಗಾಲಯಕ್ಕೆ ಬರುತ್ತದೆ. ಅಲ್ಲಿಂದ ಮುಂದೆ ರೋಗಿಗೂ ವೈದ್ಯರಿಗೂ ತಲುಪಿಸಬೇಕಾದ ಮಾತು ಅಲ್ಲಿಯೇ ನಿಂತುಬಿಡುವುದು ನನಗೆ ಸಹಿಸಲಾಗದ ಸಂಗತಿ.

ವೈದ್ಯರು ಔಷಧಿಯನ್ನು ಸದ್ಯಕ್ಕೆ ಬದಲಿಸದೆ, ಬೇರೆ ಪ್ರಯೋಗಾಲಯದಲ್ಲಿ ಕ್ರಿಯಾಟಿನಿನ್ ಜೊತೆಗೆ ಮೂತ್ರಪಿಂಡದ ಕಾರ್ಯವನ್ನೇ ತಿಳಿಸುವ ಇನ್ನೊಂದು ರಕ್ತಪರೀಕ್ಷೆಯಾದ ಸಿಸ್ಟಾಟಿನ್ ಸಿ ಕೂಡ ನೋಡೋಣ ಎಂದಿದ್ದಾರೆ. ಸೋಮವಾರ ಅಪ್ಪನ ರಕ್ತ ಕೊಟ್ಟು ಬರುತ್ತೇವೆ. ಈ ಬಾರಿ ಬ್ಯಾಚ್ ಸಂಖ್ಯೆಯನ್ನು ಅಲ್ಲಿಯೇ ಕೇಳಿ ಫೈಲಿನಲ್ಲಿ ಬರೆದಿಡುತ್ತೇನೆ.