ಸಿಕ್ತೇನಮ್ಮ ಕೊನೆಗೆ?

ಕಳೆದ ಶನಿವಾರದಿಂದ ಅಪ್ಪನ ಒಂದು ಪ್ರಶ್ನೆ ನನ್ನ ಕಿವಿಯಲ್ಲೇ ಕೂತಿದೆ. "ಸಿಕ್ತೇನಮ್ಮ ಕೊನೆಗೆ?"

ಬೆಂಗಳೂರಿನ ಐಐಎಸ್‌ಸಿಯ (ಭಾರತೀಯ ವಿಜ್ಞಾನ ಸಂಸ್ಥೆ) ಓಪನ್ ಡೇಗೆ ಮಗಳನ್ನು ಕರೆದುಕೊಂಡು ಹೊರಟಿದ್ದೆ. ಹಳಬರಿಗೆ ಅದು ಟಾಟಾ ಇನ್‌ಸ್ಟಿಟ್ಯೂಟ್. ಆ ಹೆಸರು ಕೇಳಿದ್ದೇ ತಡ, ಅಪ್ಪ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತರು. 84 ವರ್ಷ, ಮೊಣಕಾಲು ನೋವು, ಹೊರಗೆ ಬಿಸಿಲು. ಬೇಡ ಅಂದರೂ ಕೇಳಲಿಲ್ಲ.

ಒಂದು ಕೋಣೆಯಲ್ಲಿ ಮೀನಿನ ತೊಟ್ಟಿಯಷ್ಟು ದೊಡ್ಡ ಗಾಜಿನ ಪೆಟ್ಟಿಗೆ ಇಟ್ಟಿದ್ದರು. ಅಡಿಯಲ್ಲಿ ಕಪ್ಪು ತಗಡು, ಅದರ ಕೆಳಗೆ ಡ್ರೈ ಐಸ್, ಒಳಗೆಲ್ಲ ಆಲ್ಕೋಹಾಲ್ ಆವಿ. ಟಾರ್ಚ್ ಬೆಳಕಿನಲ್ಲಿ ಬಿಳಿ ಗೆರೆಗಳು ಎಳೆದಂತೆ ಮೂಡಿ, ನೋಡುತ್ತಿದ್ದ ಹಾಗೇ ಕರಗಿಹೋಗುತ್ತಿದ್ದವು. ಸಣ್ಣ ಮಳೆಯಲ್ಲಿ ಬಸ್ಸಿನ ಗಾಜಿನ ಮೇಲೆ ಹನಿ ಜಾರುತ್ತಲ್ಲ, ಹಾಗೆ. "ಈ ಗೆರೆಗಳೆಲ್ಲ ಕಣಗಳು ಹೋದ ಜಾಡು. ಕೈ ಚಾಚು ಪುಟ್ಟಿ. ಆಕಾಶದಿಂದ ಬರೋ ಮ್ಯೂಆನ್ ಅನ್ನೋ ಕಣ ಸೆಕೆಂಡಿಗೆ ಒಂದರ ಹಾಗೆ ನಿನ್ನ ಅಂಗೈ ದಾಟಿ ಹೋಗ್ತಾ ಇದೆ" ಎಂದಳು ಅಲ್ಲಿದ್ದ ಹುಡುಗಿ. ಹೈ ಎನರ್ಜಿ ಫಿಸಿಕ್ಸ್ ಕೇಂದ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳಂತೆ. ಮಗಳು ಕೈ ಚಾಚಿದಳು. ಅಪ್ಪನೂ ಚಾಚಿದರು.

"ಕೆಳಗಡೆ ಇದು ಇಷ್ಟೊಂದು ಬರಲ್ಲಮ್ಮ" ಎಂದರು ಅಪ್ಪ.

"ಎಲ್ಲಿ ಕೆಳಗಡೆ ತಾತ?"

"ಚಾಂಪಿಯನ್ ರೀಫ್‌ನಲ್ಲಿ. ಕೋಲಾರದ ಚಿನ್ನದ ಗಣಿ."

ಹುಡುಗಿಯ ಕೈಯಲ್ಲಿದ್ದ ಟಾರ್ಚು ಪಕ್ಕಕ್ಕೆ ವಾಲಿತು. "ಕೆಜಿಎಫ್ ಎಕ್ಸ್‌ಪೆರಿಮೆಂಟಾ? ನೀವು ಅಲ್ಲಿದ್ರಾ?"

"ನಾನು ಗಣೀಲಿ ಎಲೆಕ್ಟ್ರಿಷಿಯನ್. ಅವರಿಗೆ ಕೇಬಲ್ ಎಳೆದುಕೊಟ್ಟಿದ್ದೆ." ಸ್ವಲ್ಪ ಹೊತ್ತು ಪೆಟ್ಟಿಗೆ ನೋಡಿದರು. ಆಮೇಲೆ ಕೇಳಿದರು. "ಸಿಕ್ತೇನಮ್ಮ ಕೊನೆಗೆ?"

ಅವಳ ಮುಖ ಅರಳಿತು. "ಸಿಕ್ತಲ್ಲ ತಾತ, 1965ರಲ್ಲೇ!" ಎಂದು ಶುರು ಮಾಡಿದಳು. ಮ್ಯೂಆನ್‌ಗಳನ್ನು ಮೇಲಿನ ಬಂಡೆಯೇ ತಡೆಯುತ್ತದೆ. ಕೆಳಗೆ ಹೋದಷ್ಟೂ ಕಡಿಮೆ. ಆದರೆ ನ್ಯೂಟ್ರಿನೋ ಅನ್ನೋ ಇನ್ನೊಂದು ಕಣಕ್ಕೆ ಬಂಡೆ ಲೆಕ್ಕಕ್ಕೇ ಇಲ್ಲ. ಅದಕ್ಕೇ ಅದನ್ನು ಹಿಡಿಯಲು ನೆಲದಡಿ 2.3 ಕಿಲೋಮೀಟರ್ ಇಳಿದದ್ದು. ಮುಂಬೈಯ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್, ಜಪಾನಿನ ಒಸಾಕಾ ಸಿಟಿ ಯೂನಿವರ್ಸಿಟಿ, ಇಂಗ್ಲೆಂಡಿನ ಡರಮ್ ಯೂನಿವರ್ಸಿಟಿ, ಮೂವರೂ ಸೇರಿದ್ದರು. ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳು ವಾತಾವರಣದಲ್ಲಿ ಹುಟ್ಟಿಸುವ ನ್ಯೂಟ್ರಿನೋ ಸಿಕ್ಕಿದೆ ಎಂದು ಜಗತ್ತಿನಲ್ಲಿ ಮೊದಲು ಪ್ರಕಟಿಸಿದ್ದು ಈ ತಂಡ. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲಿದ್ದ ಇನ್ನೊಂದು ತಂಡದ ಪ್ರಬಂಧ ಬಂದದ್ದು ಎರಡು ವಾರದ ನಂತರ.

ಅಪ್ಪ ಪೂರ್ತಿ ಕೇಳಿಸಿಕೊಂಡರು. "ಅದಲ್ಲಮ್ಮ. ಅದು ಸಿಕ್ಕಿದ್ದು ಆಗ್ಲೇ ಕೇಳಿದ್ದೆ. ಕಬ್ಬಿಣದ ಪೈಪಿಂದು."

ನನಗೆ ತಲೆಬುಡ ತಿಳಿಯಲಿಲ್ಲ. ಅವಳಿಗೆ ತಿಳಿಯಿತು. 1980ರಲ್ಲಿ ಅದೇ ಆಳದಲ್ಲಿ ಚೌಕಾಕಾರದ ಕಬ್ಬಿಣದ ಪೈಪುಗಳನ್ನು ಅಡ್ಡ ಉದ್ದ ಪೇರಿಸಿ 140 ಟನ್ನಿನ ಯಂತ್ರ ಕಟ್ಟಿದ್ದರು. ಪರಮಾಣುವಿನೊಳಗಿರುವ ಪ್ರೋಟಾನ್ ಅನ್ನೋ ಕಣ ತಾನಾಗಿ ಒಡೆಯುತ್ತದಾ ಅಂತ ನೋಡಲು. ಒಂದೇ ಪ್ರೋಟಾನ್ ಮುಂದೆ ಕೂತು ಕಾದರೆ ಯುಗಗಳೂ ಸಾಲವು. ಆದರೆ 140 ಟನ್ ಕಬ್ಬಿಣದಲ್ಲಿ ಎಣಿಸಲಾರದಷ್ಟು ಪ್ರೋಟಾನ್ ಇವೆಯಲ್ಲ, ವರ್ಷಕ್ಕೆ ಕೆಲವಾದರೂ ಒಡೆಯಬೇಕು. ಆಗಿನ ಲೆಕ್ಕ ಅದು.

ಹಿಂದೆ ನಿಂತಿದ್ದ ಒಬ್ಬರು "ಸ್ವಲ್ಪ ಮುಂದೆ ಹೋಗಿ, ಮಕ್ಕಳು ನೋಡ್ಬೇಕು" ಎಂದು ಎರಡು ಸಲ ಹೇಳಿದರು. ನನಗೆ ಸಿಟ್ಟು ಬಂತು. ಈ ಕೋಣೆಯಲ್ಲಿ ಮಕ್ಕಳಿಗೆ ತೋರಿಸಬೇಕಾದವರು ಇವರೇ ಅಲ್ವಾ?

"ಸಿಗಲಿಲ್ಲ ತಾತ" ಎಂದಳು ಹುಡುಗಿ. ಸುಮ್ನೆ ಸಮಾಧಾನಕ್ಕೆ ಏನೋ ಹೇಳಬಹುದಿತ್ತು, ಹೇಳಲಿಲ್ಲ. ಅದಕ್ಕೇ ಅವಳ ಮೇಲೆ ಗೌರವ. "ಮೊದಮೊದಲು ಕೆಲವು ಗುರುತು ಕಂಡ ಹಾಗಾಗಿತ್ತು. ಅಮೆರಿಕ, ಜಪಾನಿನ ದೊಡ್ಡ ನೀರಿನ ಟ್ಯಾಂಕುಗಳಲ್ಲಿ ನೋಡಿದ್ರೆ ಇಲ್ಲ. ಇವತ್ತಿನವರೆಗೂ ಯಾರಿಗೂ ಸಿಕ್ಕಿಲ್ಲ."

"ಹಾಗಾದ್ರೆ ನಮ್ಮ ಕೆಲಸದಲ್ಲಿ ತಪ್ಪಿರಲಿಲ್ಲ."

ಅವಳು ಪೆಟ್ಟಿಗೆ ಬಿಟ್ಟು ಅಪ್ಪನ ಪಕ್ಕಕ್ಕೆ ಬಂದಳು. "ಖಂಡಿತ ಇಲ್ಲ ತಾತ. ಆಗಿನ ಥಿಯರಿನೇ ತಪ್ಪಿತ್ತು. ಸಿಗ್ಲಿಲ್ಲ ಅಂತ ತಾನೇ ಅದು ಗೊತ್ತಾಗಿದ್ದು?"

ನಲವತ್ತು ವರ್ಷ. ಎಲ್ಲೋ ಒಂದು ಜಾಯಿಂಟ್ ಸಡಿಲ ಬಿಟ್ಟೆವೇನೋ, ಅದಕ್ಕೇ ಅವರಿಗೆ ಸಿಗಲಿಲ್ಲವೇನೋ ಅಂತ ಈ ಮನುಷ್ಯ ನಲವತ್ತು ವರ್ಷ ಮನಸ್ಸಿನಲ್ಲಿಟ್ಟುಕೊಂಡಿದ್ದರು. ಇಂಜಿನಿಯರಿಂಗ್ ಓದಿದ ಮಗ ನಾನು ಒಂದು ದಿನವೂ ಕೇಳಿರಲಿಲ್ಲ. ಗಣಿ ಎಂದರೆ ನನಗೆ ಅವರ ಕೆಮ್ಮು, ಶಿಫ್ಟು, ಗಣಿಯೊಳಗೆ ಬಂಡೆ ಸಿಡಿದು ರಾಕ್ ಬರ್ಸ್ಟ್ ಆದ ದಿನ ಶಾಫ್ಟಿನ ಮುಂದೆ ಕಾಯುತ್ತಿದ್ದ ಅಮ್ಮ. ಅಷ್ಟೇ.

ಟಿಐಎಫ್‌ಆರ್‌ನ ಭೌತವಿಜ್ಞಾನಿ ಬಿ. ವಿ. ಶ್ರೀಕಂಠನ್ ಅವರ ಹೆಸರು ನನಗೂ ಗೊತ್ತು. ನಮ್ಮ ನಂಜನಗೂಡಿನವರು, 1950ರ ದಶಕದ ಶುರುವಿನಲ್ಲೇ ಉಪಕರಣ ಹೊತ್ತು ಗಣಿಗೆ ಇಳಿದವರು. ದೊಡ್ಡ ಮನುಷ್ಯರು. ಆದರೆ ಆ ಸೀಸ, ಆ ಗಾಜಿನ ಕೊಳವೆ, ಆ ಕಬ್ಬಿಣ ಗಣಿಯ ಲಿಫ್ಟಿನಲ್ಲಿ ಇಳಿದದ್ದು ಗಣಿಯವರ ಕೈಯಿಂದ. ಕೊನೆಗೆ ಏನಾಯಿತು ಎಂದು ಆ ಕೈಗಳಿಗೆ ಯಾರಾದರೂ ಹೇಳಬೇಕಿತ್ತು.

ಜಪಾನಿನ ಕಮಿಯೋಕದಲ್ಲೂ ಗಣಿಯೇ. ಟೋಕಿಯೋ ಯೂನಿವರ್ಸಿಟಿಯವರು ಪ್ರೋಟಾನ್ ಒಡೆಯುವುದನ್ನು ಹುಡುಕಲೆಂದೇ ಅಲ್ಲಿ ನೀರಿನ ಟ್ಯಾಂಕ್ ಕಟ್ಟಿದರು. ಅದು ಸಿಗಲಿಲ್ಲ, 1987ರಲ್ಲಿ ಸಿಡಿದದ್ದು ಕಂಡ ನಕ್ಷತ್ರದ ನ್ಯೂಟ್ರಿನೋ ಸಿಕ್ಕಿತು, 2002ರಲ್ಲಿ ನೊಬೆಲ್ ಬಂತು. ಅಲ್ಲಿ ಇವತ್ತಿಗೂ ಕೆಲಸ ನಡೆಯುತ್ತಿದೆ. ನಮ್ಮ ಗಣಿ 2001ರಲ್ಲಿ ಮುಚ್ಚಿತು. ಅಪ್ಪ ರಿಟೈರ್ ಆದದ್ದೂ ಅದೇ ವರ್ಷ. ಚಿನ್ನ ನಷ್ಟಕ್ಕೆ ಬಿತ್ತು, ಮುಚ್ಚಿದರು, ಸರಿ. ಆದರೆ ಅಷ್ಟು ಆಳದ ಜಾಗ ನೀರು ತುಂಬಿಕೊಂಡು ಕೂತಿದೆ ಎಂದರೆ ಹೊಟ್ಟೆ ಉರಿಯುತ್ತದೆ.

ಹೊರಡುವಾಗ ಅಪ್ಪ, ಈಗಿನ ಲೆಕ್ಕದಲ್ಲಿ ಪ್ರೋಟಾನ್ ಎಷ್ಟು ವರ್ಷ ಇರುತ್ತದೆ ಎಂದು ಕೇಳಿದರು. ಒಂದರ ಮುಂದೆ 34 ಸೊನ್ನೆ ಹಾಕಿ, ಅದಕ್ಕಿಂತಲೂ ಜಾಸ್ತಿ ಎಂದಳು. ಕರಪತ್ರದ ಹಿಂದೆ ಬರೆದೂ ಕೊಟ್ಟಳು. ಅದು ಅಪ್ಪನ ಕನ್ನಡಕದ ಡಬ್ಬಿ ಸೇರಿತು.

ನಿನ್ನೆ ರಾತ್ರಿ ಊಟ ಆದಮೇಲೆ ಅದನ್ನು ಬಿಚ್ಚಿ, ಪೆನ್ನಿನ ತುದಿಯಿಂದ ಒಂದೊಂದೇ ಮುಟ್ಟುತ್ತಾ ಎಣಿಸಿದರು. "ಮೂವತ್ತಮೂರೇ ಇದೆ ಕಣೋ. ಒಂದು ಬಿಟ್ಟುಹೋಗಿದೆ" ಎಂದರು. ತಾವೇ ಕೊನೆಯಲ್ಲಿ ಒಂದು ಸೊನ್ನೆ ಸೇರಿಸಿ, ಮತ್ತೆ ಮಡಚಿ ಇಟ್ಟರು.