ಮೂರನೇ ಬೆಲ್ ಆದಮೇಲೆ ಬಾಗಿಲು ತೆಗೆಯಬೇಡಿ

ನಮ್ಮ ಕಾಲೇಜಿನ ಚಿತ್ರೋತ್ಸವ ಮುಗಿದು ನಾಲ್ಕು ದಿನ ಆಯಿತು. ಗಂಟಲು ಇನ್ನೂ ಸರಿಹೋಗಿಲ್ಲ. ಆದರೂ ಮರೆಯುವ ಮುಂಚೆ ಬರೆದಿಡೋಣ ಅಂತ ಕೂತಿದ್ದೇನೆ. ಕಳೆದ ವರ್ಷದ ತಂಡವೂ ಇದೇ ಜಾಗದಲ್ಲಿ ಎಡವಿತ್ತಂತೆ. ಯಾರೂ ಬರೆದಿಟ್ಟಿರಲಿಲ್ಲ. ಈ ವರ್ಷ ನಾವೂ ಅಲ್ಲೇ ಎಡವಿದೆವು.

ಲೆಕ್ಕ ಮೊದಲು. ಊರು ಶಿವಮೊಗ್ಗ. ಶುಕ್ರವಾರ, ಶನಿವಾರ, ಭಾನುವಾರ. 280 ಸೀಟಿನ ಆಡಿಟೋರಿಯಂ, ಪಕ್ಕದ ಬ್ಲಾಕಿನ ಮಹಡಿಯಲ್ಲಿ 90 ಸೀಟಿನ ಸೆಮಿನಾರ್ ಹಾಲ್. 13 ಪ್ರದರ್ಶನ, 41 ವಾಲಂಟಿಯರ್‌ಗಳು. ಸಿನಿಮಾ ಆರಿಸಿದ್ದು, ಹಕ್ಕಿನ ಪತ್ರ ತರಿಸಿದ್ದು, ಸೆನ್ಸಾರ್ ವಿನಾಯಿತಿಗೆ ಅರ್ಜಿ, ಪ್ರಿನ್ಸಿಪಾಲರ ಸಹಿ, ಇದೆಲ್ಲ ಒಮ್ಮೆ ಚಿತ್ರೋತ್ಸವ ಮಾಡಿದವರಿಗೆ ಗೊತ್ತಿರುವ ಪಾಡೇ. ಬಿಟ್ಟುಬಿಡುತ್ತೇನೆ. ನಮ್ಮನ್ನು ಸತಾಯಿಸಿದ್ದು ಪಾಳಿ ಬದಲಾಗುವ ಹೊತ್ತು.

ಪಾಳಿ ಪಟ್ಟಿಯನ್ನು ನಾನೇ ಮಾಡಿದ್ದೆ. ಎಕ್ಸೆಲ್ ಹಾಳೆ, ಒಬ್ಬೊಬ್ಬರಿಗೆ ಒಂದೊಂದು ಬಣ್ಣ. 9ರಿಂದ 11, 11ರಿಂದ 1, 1ರಿಂದ 3, ಹೀಗೆ ಎರಡೆರಡು ಗಂಟೆ. ಯಾರಿಗೂ ಜಾಸ್ತಿ ಕೆಲಸ ಬೀಳಬಾರದು ಅನ್ನುವುದಷ್ಟೇ ನನ್ನ ತಲೆಯಲ್ಲಿತ್ತು. ಸಿನಿಮಾ ಎಷ್ಟು ಹೊತ್ತಿಗೆ ಮುಗಿಯುತ್ತದೆ ಅನ್ನುವ ಕಡೆ ಗಮನವೇ ಹೋಗಿರಲಿಲ್ಲ.

ಶುಕ್ರವಾರ ಉದ್ಘಾಟನೆ 25 ನಿಮಿಷ ಎಳೆಯಿತು. ಅದು ಎಲ್ಲೂ ಇದ್ದದ್ದೇ. 11.10ಕ್ಕೆ ಶುರುವಾಗಬೇಕಿದ್ದ ಎರಡನೇ ಸಿನಿಮಾ 11.35ಕ್ಕೆ ಶುರುವಾಯಿತು. ಸರಿಯಾಗಿ 1 ಗಂಟೆಗೆ, ಇನ್ನು ಹದಿನೈದು ನಿಮಿಷ ಬಾಕಿ ಇರುವಾಗ, ನನ್ನ ಪಟ್ಟಿ ಕೆಲಸ ಶುರುಮಾಡಿತು.

ನಾನು ಹಿಂದಿನ ಸಾಲಿನ ಗೋಡೆಗೆ ಒರಗಿ ನಿಂತಿದ್ದೆ. ಪರದೆಯ ಮೇಲೆ ತಾಯಿ ಅಡುಗೆಮನೆಯಲ್ಲಿ ಒಬ್ಬಳೇ ಕೂತಿದ್ದಾಳೆ. ಮಾತಿಲ್ಲ, ಸಂಗೀತವಿಲ್ಲ. ಇಡೀ ಹಾಲ್ ಉಸಿರು ಹಿಡಿದಿದೆ. ಆಗ ಎಡಗಡೆಯ ಬಾಗಿಲು ತೆರೆಯಿತು. ಮಧ್ಯಾಹ್ನದ ಬಿಸಿಲು ಓರೆಯಾಗಿ ಬಂದು ಪರದೆಯ ಮೇಲೆ ಬಿತ್ತು. ತಾಯಿಯ ಮುಖದ ಅರ್ಧ ಭಾಗ ಬಿಳುಚಿ ಮಾಯವಾಯಿತು. ಹೊಸ ಪಾಳಿಯ ಹುಡುಗ ಒಳಗೆ ಬಂದ. ಬಾಗಿಲು ಮುಚ್ಚಿತು. ಮತ್ತೆ ತೆರೆಯಿತು, ಹಳೇ ಪಾಳಿಯವನು ಹೊರಗೆ ಹೋದ. ಮೆಸ್ಸು 2ಕ್ಕೆ ಮುಚ್ಚುತ್ತದೆ, ಅವನ ತಪ್ಪೇನೂ ಇಲ್ಲ. ಆಮೇಲೆ ಬಲಗಡೆಯ ಬಾಗಿಲು. ಎರಡು ಬಾಗಿಲು, ನಾಲ್ಕು ಸಲ ಬಿಸಿಲು.

ಸಿನಿಮಾ ಮುಗಿದ ಮೇಲೆ ಮೂರನೇ ಸಾಲಿನಲ್ಲಿದ್ದ ಒಬ್ಬ ಹಿರಿಯರು ನಿಧಾನವಾಗಿ ಎದ್ದು ನನ್ನ ಹತ್ತಿರ ಬಂದರು. ನಿವೃತ್ತ ಮೇಷ್ಟ್ರು. "ಸಿನಿಮಾ ಚೆನ್ನಾಗಿತ್ತಮ್ಮಾ. ಕೊನೆ ಮಾತ್ರ ಕಾಣಲಿಲ್ಲ" ಅಂದರು. ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಪ್ರೊಜೆಕ್ಟರ್ ರೂಮಿನ ಕೀಲಿಕೈ ಹಳೇ ಪಾಳಿಯ ಹುಡುಗಿಯ ಜೇಬಿನಲ್ಲೇ ಹಾಸ್ಟೆಲ್‌ಗೆ ಹೋಗಿತ್ತು. ಅವಳು ಊಟ ಮಾಡಿ ಮಲಗಿದ್ದಳು. ಮೂರನೇ ಸಿನಿಮಾ 22 ನಿಮಿಷ ತಡ. ಬಲಗಡೆ ಬಾಗಿಲಿಗೆ ಜನ ಇಲ್ಲ ಅಂತ ಗ್ರೂಪಿನಲ್ಲಿ ಹಾಕಿದೆ: "ಯಾರಾದ್ರೂ ಬೇಗ ಬಾಗಿಲು 2ಕ್ಕೆ ಬನ್ನಿ." ಆರು ಜನ ಹೆಬ್ಬೆರಳು ಒತ್ತಿದರು. ಒಬ್ಬರೂ ಬರಲಿಲ್ಲ. ಪ್ರತಿಯೊಬ್ಬರೂ ಇನ್ನೊಬ್ಬರು ಹೋಗಿರುತ್ತಾರೆ ಅಂದುಕೊಂಡಿದ್ದರು. ಆ ದಿನದಿಂದ ಗ್ರೂಪಿನಲ್ಲಿ "ಯಾರಾದ್ರೂ" ಅನ್ನುವ ಪದ ಬರೆಯುವುದನ್ನು ಬಿಟ್ಟಿದ್ದೇನೆ. ಹೆಸರು ಹಿಡಿದು ಕರೆಯುತ್ತೇನೆ.

ರಾತ್ರಿ ಮೆಸ್ಸಿನಲ್ಲಿ ಒಂಬತ್ತು ಜನ ಕೂತೆವು. ಜಗಳ ಆಗುತ್ತದೆ ಅಂದುಕೊಂಡಿದ್ದೆ, ಆಗಲಿಲ್ಲ. ಪ್ರಥಮ ವರ್ಷದ ಒಬ್ಬ ಹುಡುಗ ಮೆಲ್ಲಗೆ ಹೇಳಿದ, "ಅಕ್ಕ, ನಾನು ಒಳಗೇ ಇದ್ದೆ. ಫೋನ್ ಆಫ್ ಮಾಡಿ ಅಂತ ನೀವೇ ಹೇಳಿದ್ರಲ್ವಾ? ಮೆಸೇಜ್ ನೋಡೋದು ಹೆಂಗೆ?"

ಎಲ್ಲರೂ ಸುಮ್ಮನಾದೆವು. ಅವನು ಹೇಳಿದ್ದು ನಿಜ. ಪ್ರತಿ ಸಿನಿಮಾಕ್ಕೂ ಮುಂಚೆ ವೇದಿಕೆ ಹತ್ತಿ ಫೋನ್ ಆಫ್ ಮಾಡಿ ಅಂತ ಕೈಮುಗಿಯುವುದು ನಾವೇ. ವಾಲಂಟಿಯರ್‌ಗಳನ್ನು ಫೋನಿನಲ್ಲಿ ಓಡಾಡಿಸುವುದೂ ನಾವೇ. ಕತ್ತಲಲ್ಲಿ ನಿಯತ್ತಾಗಿ ನಿಂತವನಿಗೆ ನಮ್ಮ ಮೆಸೇಜ್ ತಲುಪುವುದೇ ಇಲ್ಲ.

ಹಾಗಾದರೆ ಫೋನ್ ಇಲ್ಲದೆ 41 ಜನಕ್ಕೆ ಹೇಳುವುದು ಹೇಗೆ? ಆಗ ಗದಗದ ಹುಡುಗಿಯೊಬ್ಬಳು ಬಾಯಿಬಿಟ್ಟಳು. ಅವಳ ಅಜ್ಜಿಗೆ ಕಂಪನಿ ನಾಟಕದ ಹುಚ್ಚು. "ನಮ್ಮಜ್ಜಿ ಗಡಿಯಾರ ನೋಡ್ತಿದ್ದಿಲ್ಲಕ್ಕಾ. ಒಂದನೇ ಬೆಲ್ಲಿಗೆ ಸೀರಿ ಸರಿ ಮಾಡ್ಕೊಂಡು ಕುಂದ್ರೋದು, ಎರಡನೇ ಬೆಲ್ಲಿಗೆ ಮಾತು ಬಂದ್, ಮೂರನೇ ಬೆಲ್ಲಿಗೆ ಪರದೆ ಮ್ಯಾಲೆ. ನಾವೂ ಹಂಗ ಮಾಡಿದ್ರ ಏನಾಕೈತಿ?"

ಹಂಗೇ ಮಾಡಿದೆವು. ರಾತ್ರಿ 1.30ರವರೆಗೆ ಕೂತು ಎಕ್ಸೆಲ್ ಹಾಳೆಯನ್ನು ಅಳಿಸಿ ಹೊಸದು ಬರೆದೆವು. ಇನ್ನು ಮೇಲೆ ಗಂಟೆ ಲೆಕ್ಕದ ಪಾಳಿ ಇಲ್ಲ, ಒಂದು ಸಿನಿಮಾಕ್ಕೆ ಒಂದು ತಂಡ. ಐದು ಜನ: ಎರಡು ಬಾಗಿಲಿಗೆ ಇಬ್ಬರು, ಸಾಲುಗಳ ಮಧ್ಯೆ ಟಾರ್ಚ್ ಹಿಡಿದು ಒಬ್ಬರು, ಪ್ರೊಜೆಕ್ಟರ್ ಹತ್ತಿರ ಒಬ್ಬರು, ಹೊರಗೆ ಬೆಲ್ ಹತ್ತಿರ ಒಬ್ಬರು. ಒಳಗೆ ಹೋದ ತಂಡ ಹಾಲ್ ಖಾಲಿಯಾದ ಮೇಲೆಯೇ ಹೊರಗೆ ಬರುವುದು. ಸಿನಿಮಾ ಆದಮೇಲಿನ ಸಂವಾದ ಅರ್ಧ ಗಂಟೆ ಎಳೆದರೂ ಅವರೇ ಇರುತ್ತಾರೆ, ಅವರ ಊಟ ಮೆಸ್ಸಿನಲ್ಲಿ ಎತ್ತಿಟ್ಟಿರುತ್ತದೆ. ಹಾಲ್ ಖಾಲಿಯಾದಾಗ ಮೊದಲನೇ ಬೆಲ್, ಅಂದರೆ ಮುಂದಿನ ತಂಡ ಬರಬೇಕು. ಆಟಕ್ಕೆ ಹತ್ತು ನಿಮಿಷ ಇರುವಾಗ ಎರಡನೇ ಬೆಲ್, ಜನರನ್ನು ಬಿಡಬೇಕು. ಮೂರನೇ ಬೆಲ್ಲಿಗೆ ಬಾಗಿಲು ಮುಚ್ಚಿ ಲೈಟ್ ಆರಿಸಬೇಕು. ಎರಡು ಆಟಗಳ ನಡುವೆ 15 ನಿಮಿಷ ಇದ್ದದ್ದನ್ನು 30 ಮಾಡಿದೆವು. ಅದಕ್ಕೆ ಶನಿವಾರದ ಒಂದು ಪ್ರದರ್ಶನ ಕೈಬಿಡಬೇಕಾಯಿತು. ಹೊಟ್ಟೆ ಉರಿಯಿತು, ಆದರೂ ಬಿಟ್ಟೆವು. ಹನ್ನೆರಡು ಸಿನಿಮಾವನ್ನು ಕೊನೆಯವರೆಗೂ ಸರಿಯಾಗಿ ತೋರಿಸಿದರೆ ಸಾಕು.

ಕೀಲಿಕೈಗೆ ಸಾಗರದ ಹುಡುಗ ಮದ್ದು ಹುಡುಕಿದ. ಮನೆಯಿಂದ ತಂದಿದ್ದ ಅಡಿಕೆ ಹಾಳೆಯ ಒಂದು ಮೊಳ ತುಂಡಿಗೆ ತೂತು ಹೊಡೆದು, ಕೀಲಿಕೈ ಕಟ್ಟಿದ. ಅದು ಯಾವ ಜೇಬಿಗೂ ಹಿಡಿಸುವುದಿಲ್ಲ. ಕಂಕುಳಲ್ಲಿ ಇಟ್ಟುಕೊಂಡು ಹಾಸ್ಟೆಲ್‌ಗೆ ಹೊರಟರೆ ದಾರಿಯಲ್ಲಿ ಹತ್ತು ಜನ ಕೇಳುತ್ತಾರೆ. ಎರಡು ದಿನ ಕೀಲಿಕೈ ಕಾಲೇಜಿನ ಗೇಟು ದಾಟಲಿಲ್ಲ.

ಟಾರ್ಚಿಗೆ ಕೆಂಪು ಜಿಲೆಟಿನ್ ಪೇಪರ್ ಸುತ್ತಿದೆವು. ಕತ್ತಲಿಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಬಿಳಿ ಬೆಳಕು ಒಂದು ಸಲ ಕಣ್ಣಿಗೆ ಹೊಡೆದರೆ ಅದೆಲ್ಲ ಹಾಳು. ಮಂದ ಕೆಂಪು ಬೆಳಕಿಗೆ ಅಷ್ಟು ಹಾಳಾಗುವುದಿಲ್ಲ. ಎರಡು ಪದರ ಸುತ್ತಿ, ಬೆಳಕು ನೆಲಕ್ಕೆ ಮಾತ್ರ ಬೀಳುವ ಹಾಗೆ ಹಿಡಿಯಬೇಕು. ಬಾಗಿಲಿಗೆ ಒಂದರ ಬದಲು ಎರಡು ಕಪ್ಪು ಪರದೆ, ನಡುವೆ ಮೂರು ಅಡಿ ಜಾಗ. ಮೊದಲನೆಯದು ಮುಚ್ಚಿದ ಮೇಲೆಯೇ ಎರಡನೆಯದನ್ನು ಸರಿಸುವುದು. ಹಳೇ ಟಾಕೀಸುಗಳಲ್ಲಿ ಎರಡು ಬಾಗಿಲ ನಡುವೆ ಕತ್ತಲೆಯ ಸಣ್ಣ ಓಣಿ ಇರುತ್ತಿತ್ತಲ್ಲ, ಅದೇ ಉಪಾಯ.

ಇನ್ನೊಂದು ಸಣ್ಣ ವಿಷಯ, ಆದರೆ ಇದರಿಂದಲೇ ಶುಕ್ರವಾರ ಸಂಜೆಯ ಲೆಕ್ಕವೂ ತಪ್ಪಿತ್ತು. ಸಿನಿಮಾದ ಅವಧಿಯನ್ನು ಇಂಟರ್ನೆಟ್ ನೋಡಿ ಬರೆದುಕೊಳ್ಳಬೇಡಿ. ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ, ಓಡುವ ಸಿನಿಮಾವನ್ನು ಯುರೋಪಿನ ಟಿವಿ, ಡಿವಿಡಿಗಾಗಿ 25ಕ್ಕೆ ಏರಿಸಿದ ಫೈಲ್ ನಮಗೆ ಬಂದಿತ್ತು. 100 ನಿಮಿಷದ್ದು 96ಕ್ಕೇ ಮುಗಿಯಿತು. ಬಾಗಿಲ ಹುಡುಗರು ಇನ್ನೂ ನಾಲ್ಕು ನಿಮಿಷ ಇದೆ ಅಂತ ಪರದೆ ಹಿಡಿದೇ ನಿಂತಿದ್ದರು. ಈಗ ಪ್ರೊಜೆಕ್ಟರ್ ಹತ್ತಿರ ಇರುವವರು ಫೈಲ್ ತೆರೆದು, ಅದರಲ್ಲಿರುವ ಅವಧಿ ನೋಡಿ, ಮುಗಿಯುವ ಹೊತ್ತನ್ನು ಹೊರಗಿನ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾರೆ. ಬೆಲ್ ಹೊಡೆಯುವವರು ಆ ಬೋರ್ಡನ್ನು ಮಾತ್ರ ನಂಬುತ್ತಾರೆ.

ಬೆಲ್ ಎಲ್ಲಿಂದ ತರೋದು ಅನ್ನುವುದು ಶನಿವಾರ ಬೆಳಗಿನ ಚಿಂತೆ. ಹತ್ತಿರದ ಪ್ರಾಥಮಿಕ ಶಾಲೆಯ ಹೆಡ್‌ಮಾಸ್ಟರ್ ತಮ್ಮ ಕಂಚಿನ ಗಂಟೆಯನ್ನು ಹೊಡೆಯುವ ಮರದ ಸುತ್ತಿಗೆಯ ಸಮೇತ ಕೈಗೆ ಕೊಟ್ಟರು. ಸೆಮಿನಾರ್ ಹಾಲ್‌ಗೂ ಅದೇ ಗಂಟೆ ಸಾಕು ಅಂದುಕೊಂಡಿದ್ದು ತಪ್ಪಾಯಿತು. ಶನಿವಾರ ಮಧ್ಯಾಹ್ನ ಆಡಿಟೋರಿಯಂನ ಮೊದಲನೇ ಬೆಲ್ ಕೇಳಿ ಸೆಮಿನಾರ್ ಹಾಲ್‌ನ ತಂಡ ಓಡಿ ಬಂತು. ಬಾಗಿಲಲ್ಲಿ ಹತ್ತು ಜನ, ಮಹಡಿಯ ಮೇಲೆ ಯಾರೂ ಇಲ್ಲ. ಸಂಜೆಗೆ ಅಲ್ಲಿಗೆ ಪೂಜೆಯ ಕೈಗಂಟೆ ತಂದೆವು. ಎರಡರ ಸದ್ದು ಬೇರೆ ಬೇರೆ, ಮತ್ತೆ ಗೊಂದಲ ಆಗಲಿಲ್ಲ.

ಸಾಮಾನು ಕೊಟ್ಟವರ ಬಗ್ಗೆಯೂ ಎರಡು ಮಾತು ಹೇಳಲೇಬೇಕು. ಟೀ ಶರ್ಟ್ ಮೇಲೆ "ಚಿತ್ರೋತ್ಸವ" ಅಂತ ಬರಬೇಕಿತ್ತು. ಒತ್ತಕ್ಷರ ಎಲ್ಲ ಒಡೆದು ತ, ರ, ಸ ಒಂದೊಂದು ದಿಕ್ಕಿಗೆ ನಿಂತಿದ್ದವು. ಅಂಗಡಿಯವರು "ಅಕ್ಷರ ಎಲ್ಲಾ ಇದಾವಲ್ಲ ಮೇಡಂ" ಅಂದರು. ಯೂನಿಕೋಡ್ ಅಕ್ಷರವನ್ನು ಹಾಗೇ ಕಳಿಸಿದರೆ ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಸರಿಯಾದ ಸೆಟ್ಟಿಂಗ್ ಇಲ್ಲದಿದ್ದಾಗ ಹೀಗೆ ಆಗುತ್ತದೆ. ಅಕ್ಷರವನ್ನು ಚಿತ್ರ ಮಾಡಿ ಕಳಿಸಿ, ಮೊದಲ ಶರ್ಟ್ ನಿಮ್ಮ ಕಣ್ಣಾರೆ ನೋಡಿ, ಆಮೇಲೆ ದುಡ್ಡು ಕೊಡಿ. 45 ಶರ್ಟ್ ಈಗ ನನ್ನ ರೂಮಿನಲ್ಲಿ ಗಂಟು ಕಟ್ಟಿ ಕೂತಿವೆ. ಲ್ಯಾಪ್‌ಟಾಪನ್ನು ಪ್ರೊಜೆಕ್ಟರಿಗೆ ಜೋಡಿಸಲು ನಮಗೆ ಬಾಡಿಗೆಗೆ ಕೊಟ್ಟ 20 ಮೀಟರ್ ಎಚ್‌ಡಿಎಂಐ ಕೇಬಲ್ಲಿನ ಕಥೆ ಬೇಡ. ಅಷ್ಟು ಉದ್ದದ ಮಾಮೂಲಿ ಕೇಬಲ್ ನಂಬಬೇಡಿ, ಲ್ಯಾಪ್‌ಟಾಪನ್ನೇ ಪ್ರೊಜೆಕ್ಟರ್ ಪಕ್ಕಕ್ಕೆ ಒಯ್ಯಿರಿ.

ಬೆಲ್ಲಿಗಿಂತ ಜಾಸ್ತಿ ಫಲ ಕೊಟ್ಟಿದ್ದು ಇನ್ನೊಂದು ಬದಲಾವಣೆ. ಶುಕ್ರವಾರ ಡ್ಯೂಟಿಯಲ್ಲಿದ್ದ ಏಳು ಜನ ಮೆಲ್ಲಗೆ ಒಳಗೆ ಹೋಗಿ ಸಿನಿಮಾ ನೋಡುತ್ತಾ ಕೂತಿದ್ದರು. ಬೈಯಲು ಹೋದವಳು ಅರ್ಧದಲ್ಲೇ ನಿಲ್ಲಿಸಿದೆ. ಅವರು ವಾಲಂಟಿಯರ್ ಆಗಿದ್ದೇ ಸಿನಿಮಾ ನೋಡೋಕೆ ಅಲ್ವಾ? ಅದನ್ನು ಬಿಟ್ಟು ಬಾಗಿಲು ಕಾಯಿ ಅಂದರೆ ಎಷ್ಟು ಹೊತ್ತು ಕಾದಾರು? ಹಾಗಾಗಿ ಹೊಸ ಪಟ್ಟಿಯಲ್ಲಿ ಪ್ರತಿಯೊಬ್ಬರೂ ಮೊದಲು ತಮ್ಮ ಸಿನಿಮಾ ಆರಿಸಿಕೊಂಡರು, ಡ್ಯೂಟಿ ಆಮೇಲೆ. ಆ ಸಿನಿಮಾಕ್ಕೆ ಹೋಗುವಾಗ ಬ್ಯಾಡ್ಜನ್ನು ಕೌಂಟರಿನಲ್ಲಿ ಬಿಚ್ಚಿಟ್ಟು ಹೋಗಬೇಕು. ಬ್ಯಾಡ್ಜ್ ಇಲ್ಲದವರನ್ನು ಯಾರೂ ಕರೆಯುವ ಹಾಗಿಲ್ಲ, ಬೆಂಕಿ ಬಿದ್ದರೂ ಬೇರೆಯವರು ನೋಡಿಕೊಳ್ಳಬೇಕು.

ಭಾನುವಾರ ಸಂಜೆಯ ಸಿನಿಮಾಕ್ಕೆ ಹದಿನೆಂಟು ಜನ ಹೆಸರು ಕೊಟ್ಟರು. ಅಷ್ಟು ಜನರನ್ನು ಬಿಟ್ಟರೆ ಕೆಲಸಕ್ಕೆ ಕೈ ಸಾಲದು. ಚೀಟಿ ಎತ್ತಿದೆವು. ಚೀಟಿ ಬಂದ ಒಬ್ಬ ಹುಡುಗ ತನ್ನದನ್ನು ಪಕ್ಕದವಳಿಗೆ ಕೊಟ್ಟು, "ನಾನು ಬಾಗಿಲಲ್ಲಿ ನಿಂತೇ ಕೇಳಿಸ್ಕೋತೀನಿ" ಅಂದ. ಬಾಗಿಲ ಪರದೆಯ ಹಿಂದೆ ಎರಡು ಗಂಟೆ ನಿಂತು ಸಿನಿಮಾವನ್ನು ಬರೀ ಕಿವಿಯಲ್ಲಿ ನೋಡಿದ. ಫೈಲ್ ಇನ್ನೂ ನಮ್ಮ ಹತ್ತಿರ ಇದ್ದರೆ ತೋರಿಸಬಹುದಿತ್ತು. ಒಂದೇ ಪ್ರದರ್ಶನಕ್ಕೆ ಅಂತ ಪತ್ರದಲ್ಲಿ ಒಪ್ಪಿಕೊಂಡಿದ್ದೆವು, ಅವತ್ತೇ ರಾತ್ರಿ ಅಳಿಸಿದೆವು. ಮುಂದಿನ ಸಲ ಹಕ್ಕು ಕೇಳುವಾಗಲೇ ವಾಲಂಟಿಯರ್‌ಗಳಿಗೆ ಇನ್ನೊಂದು ಪ್ರದರ್ಶನ ಅಂತ ಸೇರಿಸಿ ಕೇಳುತ್ತೇನೆ. ಇದನ್ನು ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದೇನೆ.

ಅದೇ ಆಟಕ್ಕೆ ಮೂರನೇ ಬೆಲ್ ಆದಮೇಲೆ ಒಬ್ಬ ಗಣ್ಯರು ನಾಲ್ಕು ಜನರ ಜೊತೆ ಬಂದರು. ಬಾಗಿಲಲ್ಲಿ ಇದ್ದದ್ದು ಗದಗದ ಹುಡುಗಿ. ಅವಳು ಎರಡೂ ಕೈ ಜೋಡಿಸಿ, "ಸರ್, ಮೂರನೇ ಬೆಲ್ ಆಗೈತ್ರಿ. ಮುಂದಿನ ಸಾಲಿಗೆ ಆಗಂಗಿಲ್ಲ, ಹಿಂದ ಕುಂದ್ರಸ್ತೀನ್ರಿ" ಅಂದಳು. ತಡವಾಗಿ ಬಂದವರಿಗೆ ಅಂತಲೇ ಹಿಂದಿನ ಎರಡು ಸಾಲು ಖಾಲಿ ಇಟ್ಟಿದ್ದೆವು. ಅವರು ಒಂದು ಕ್ಷಣ ಅವಳನ್ನು ನೋಡಿದರು. ಆಮೇಲೆ ಚಪ್ಪಲಿ ಸದ್ದು ಮಾಡದೆ ಅವಳ ಕೆಂಪು ಟಾರ್ಚಿನ ಹಿಂದೆ ಹೋಗಿ ಕೂತರು. ಅಲ್ಲಿಂದ ಕೊನೆಯವರೆಗೂ ಬಾಗಿಲು ತೆರೆಯಲಿಲ್ಲ.

ಇದೇ ಬೆಲ್ಲನ್ನು ಹಿಡಿದು ಮುಂದಿನ ಕೆಲಸಕ್ಕೂ ತಲೆ ಓಡುತ್ತಿದೆ. ಫೆಬ್ರವರಿಯಲ್ಲಿ ಸಾಗರದ ಕಡೆಯ ಒಂದು ಹಳ್ಳಿ ಶಾಲೆಯ ಮೈದಾನದಲ್ಲಿ ಬಯಲು ಪ್ರದರ್ಶನ. ಅದೇ ಸೀಮೆಯ ಹೆಗ್ಗೋಡಿನಲ್ಲಿ ರಂಗಕರ್ಮಿ ಕೆ.ವಿ. ಸುಬ್ಬಣ್ಣನವರು ಮತ್ತು ಅವರ ನಾಟಕ ಸಂಸ್ಥೆ ನೀನಾಸಂ ಹಳ್ಳಿಯ ಜನಕ್ಕೆ ಜಗತ್ತಿನ ಸಿನಿಮಾ ತೋರಿಸಿದ್ದನ್ನು ಕೇಳುತ್ತಲೇ ಬೆಳೆದವರು ನಾವು. ಸಾಗರದ ಹುಡುಗ ಆಗಲೇ ಪರದೆ ಹೊಲಿಸುತ್ತಿದ್ದಾನೆ, ಹತ್ತು ಅಡಿಗೆ ಆರು ಅಡಿ. ಗಾಳಿಗೆ ಬಟ್ಟೆ ಹಾಯಿಯ ಹಾಗೆ ಉಬ್ಬಿ ಕಂಬ ಎಳೆಯುತ್ತದೆ. ಮೂಲೆಗಳಿಗೆ ಹಗ್ಗದ ಬದಲು ಸೈಕಲ್ ಟ್ಯೂಬಿನ ಪಟ್ಟಿ ಕಟ್ಟಿದರೆ ಗಾಳಿ ಬಂದಾಗ ಹಿಗ್ಗಿ ಮತ್ತೆ ಬಿಗಿಯಾಗುತ್ತದೆ ಅನ್ನುವುದು ಅವನ ಲೆಕ್ಕ. ಈ ಶನಿವಾರ ಹಾಸ್ಟೆಲ್ ಟೆರೇಸಿನ ಮೇಲೆ ಕಟ್ಟಿ ನೋಡುತ್ತೇವೆ. ಬಯಲಲ್ಲಿ ಬಾಗಿಲೇ ಇಲ್ಲ. ಅಲ್ಲಿ ಮೂರನೇ ಬೆಲ್ಲಿಗೆ ಏನು ಮುಚ್ಚುವುದು ಅಂತ ಯಾರಾದರೂ ಮಾಡಿ ನೋಡಿದವರಿದ್ದರೆ ಹೇಳಿ.

ಶಾಲೆಯ ಗಂಟೆ ಇನ್ನೂ ನನ್ನ ಮೇಜಿನ ಕೆಳಗಿದೆ. ಅಲ್ಲಿ ನಾಲ್ಕು ದಿನದಿಂದ ಹೆಡ್‌ಮಾಸ್ಟರ್ ಪೀಪಿ ಊದಿ ಮಕ್ಕಳನ್ನು ಕರೆಯುತ್ತಿದ್ದಾರಂತೆ. ನಾಳೆ ಪ್ರಾರ್ಥನೆಗೆ ಮುಂಚೆ ಕೊಟ್ಟು ಬರಬೇಕು.